ಹ್ಯಾರಿ ಬ್ರೂಕ್‌ಗೆ ಎರಡನೇ ಸುತ್ತು ಈಗ ಶುರುವಾಗಿದೆ

ಪ್ರಶ್ನೆ: ನಮ್ಮ ಮನೆಯಲ್ಲಿ ಒಂದೇ ವಾದ ತುಂಬ ದಿನದಿಂದ ನಡೀತಿದೆ. ಇಂಗ್ಲೆಂಡಿನ ಹ್ಯಾರಿ ಬ್ರೂಕ್ ಮುಂದೆ ದೊಡ್ಡ ಬ್ಯಾಟ್ಸ್‌ಮನ್ ಆಗೇ ಆಗ್ತಾನೆ, ಟೆಸ್ಟ್ ಸರಾಸರಿ 50ರ ಮೇಲಿದೆ, ನೂರು ಎಸೆತಕ್ಕೆ 80ಕ್ಕಿಂತ ಜಾಸ್ತಿ ರನ್ ಹೊಡೀತಾನೆ, ಇನ್ನೇನು ಬೇಕು ಅಂತ ನನ್ನ ತಮ್ಮ. ಆಸ್ಟ್ರೇಲಿಯಾದಲ್ಲಿ ಒಂದು ಶತಕ ಹೊಡೀಲಿಲ್ಲ, ಓವಲ್‌ನಲ್ಲಿ ಗೆಲ್ಲೋ ಮ್ಯಾಚನ್ನು ಕೈಯಾರೆ ಬಿಟ್ಟ, ಬರೀ ಅಬ್ಬರ ಅಂತ ನಾನು. ಇಂಥ ಹೊಡಿಬಡಿ ಆಟಗಾರ ನಿಜವಾಗಿ ದೊಡ್ಡವನಾಗ್ತಾನಾ ಅಂತ ಮೊದಲೇ ಗುರುತಿಸೋದು ಹೇಗೆ? (ದಾವಣಗೆರೆಯಿಂದ ಒಬ್ಬ ಓದುಗರು)

ಉತ್ತರ: ನಿಮ್ಮ ತಮ್ಮನಿಗೆ ಮೊದಲು ಒಂದು ಹೆಸರು ಹೇಳಿ. ವಿನೋದ್ ಕಾಂಬ್ಳಿ. 17 ಟೆಸ್ಟ್, 1,084 ರನ್, ಸರಾಸರಿ 54.20. 1993ರ ಫೆಬ್ರುವರಿಯಲ್ಲಿ ಮುಂಬೈನಲ್ಲಿ ಇಂಗ್ಲೆಂಡ್ ವಿರುದ್ಧ 224, ಮುಂದಿನ ತಿಂಗಳು ದೆಹಲಿಯಲ್ಲಿ ಜಿಂಬಾಬ್ವೆ ವಿರುದ್ಧ 227. ಸ್ಪಿನ್ನರ್ ಕೈಗೆ ಚೆಂಡು ಬಂತು ಅಂದರೆ ಸಾಕು, ಮುಂದೆ ನುಗ್ಗಿ ತಲೆ ಮೇಲಿಂದ ಹೊಡೆಯುತ್ತಿದ್ದರು. ಆಗ ನಾವೆಲ್ಲ ಇನ್ನು ಹತ್ತು ವರ್ಷ ಇವರದೇ ಅಂದುಕೊಂಡಿದ್ದೆವು. ಆಮೇಲೆ ವೇಗದ ಬೌಲರ್‌ಗಳು ಎದೆ ಎತ್ತರಕ್ಕೆ ಚೆಂಡು ಎಬ್ಬಿಸತೊಡಗಿದರು. 1995ರ ನವೆಂಬರ್‌ನಲ್ಲಿ ಕೊನೆಯ ಟೆಸ್ಟ್ ಆಡಿದಾಗ ಅವರಿಗೆ ಬರೀ 23 ವರ್ಷ. ಸರಾಸರಿ ಇವತ್ತಿಗೂ 54.20 ಅಂತಲೇ ದಾಖಲೆಯಲ್ಲಿದೆ.

ಬ್ರೂಕ್ 2024ರ ಅಕ್ಟೋಬರ್‌ನಲ್ಲಿ ಮುಲ್ತಾನ್‌ನಲ್ಲಿ 317 ಹೊಡೆದಾಗಲೂ ನನಗೆ ಬೇಗ ಮಾತು ಹೊರಡಲಿಲ್ಲ. ಅದಕ್ಕೆ ಕಾರಣ ನಮ್ಮ ಕರುಣ್ ನಾಯರ್. 2016ರ ಡಿಸೆಂಬರ್‌ನಲ್ಲಿ ಚೆನ್ನೈನಲ್ಲಿ ಇದೇ ಇಂಗ್ಲೆಂಡ್ ಮೇಲೆ ಕರುಣ್ ಔಟಾಗದೆ 303 ಹೊಡೆದರು. ಅವತ್ತು ಕರ್ನಾಟಕದಲ್ಲಿ ಯಾರ ಮುಖ ನೋಡಿದರೂ ಹಬ್ಬ. ಮುಂದಿನ ವರ್ಷ ಆಸ್ಟ್ರೇಲಿಯಾ ವಿರುದ್ಧ ನಾಲ್ಕು ಇನಿಂಗ್ಸ್ ಆಡಿದರು, ಒಂದರಲ್ಲೂ 30 ಮುಟ್ಟಲಿಲ್ಲ. ಮತ್ತೆ ಟೆಸ್ಟ್ ಟೋಪಿ ಹಾಕಿಕೊಂಡದ್ದು 2025ರ ಜೂನ್‌ನಲ್ಲಿ, ಎಂಟು ವರ್ಷ ಕಳೆದ ಮೇಲೆ. ಅವರಿಗೆ ಸಿಕ್ಕ ಅವಕಾಶ ತೀರಾ ಕಡಿಮೆ ಅನ್ನೋ ನೋವು ನನಗೆ ಈಗಲೂ ಇದೆ. ಆದರೆ ಒಂದು ತ್ರಿಶತಕ ನೋಡಿ ಯಾರದೇ ಭವಿಷ್ಯ ಹೇಳಬಾರದು ಅನ್ನೋದನ್ನು ಅವರಿಂದಲೇ ಕಲಿತೆ.

ಅಂಕಿ ಕಡಿಮೆ ಇದ್ದೂ ದೊಡ್ಡವರಾದವರಿದ್ದಾರೆ. ಆಸ್ಟ್ರೇಲಿಯಾದ ವಿಕ್ಟರ್ ಟ್ರಂಪರ್ ಸರಾಸರಿ 39.04. ಈಗಿನ ಲೆಕ್ಕದಲ್ಲಿ ತಂಡದಲ್ಲಿ ಜಾಗ ಉಳಿದರೆ ಪುಣ್ಯ. ಆದರೆ ಪಿಚ್‌ಗೆ ಹೊದಿಕೆ ಇಲ್ಲದ ಕಾಲ ಅದು. 1902ರಲ್ಲಿ ಮಳೆಗೆ ನೆಂದ ಇಂಗ್ಲೆಂಡಿನಲ್ಲಿ, ಮ್ಯಾಂಚೆಸ್ಟರ್ ಟೆಸ್ಟಿನ ಮೊದಲ ದಿನ ಊಟಕ್ಕೆ ಮೊದಲೇ ಶತಕ ಹೊಡೆದವರು ಅವರು. ಅಷ್ಟು ದೂರ ಯಾಕೆ, ನಮ್ಮ ಜಿ.ಆರ್. ವಿಶ್ವನಾಥ್ ಅವರದೇ ನೋಡಿ. ಸರಾಸರಿ 41.93. 1975ರ ಜನವರಿಯಲ್ಲಿ ಚೆಪಾಕ್‌ನಲ್ಲಿ ಆ್ಯಂಡಿ ರಾಬರ್ಟ್ಸ್ 64 ರನ್ನಿಗೆ 7 ವಿಕೆಟ್ ಕಿತ್ತರು. ಭಾರತ 190ಕ್ಕೆ ಆಲೌಟ್. ಅದರಲ್ಲಿ ವಿಶಿ ಅವರದು ಔಟಾಗದೆ 97. ಶತಕದ ಪಟ್ಟಿಯಲ್ಲಿ ಆ ಇನಿಂಗ್ಸ್ ಸಿಗಲ್ಲ. ಅದನ್ನು ನೋಡಿದವರ ಹತ್ತಿರ ಕೂತು ಮಾತಾಡಿ, ಐವತ್ತು ವರ್ಷ ಆದರೂ ಆ ಸ್ಕ್ವೇರ್ ಕಟ್ ಬಗ್ಗೆ ಕೈ ಆಡಿಸಿ ತೋರಿಸುತ್ತಾರೆ.

ಹಾಗಾದರೆ ನಾನು ಏನು ನೋಡ್ತೀನಿ? ಒಂದೇ ಮಾತಲ್ಲಿ ಹೇಳಬೇಕಂದ್ರೆ, ಎರಡನೇ ಸುತ್ತು.

ಹೊಸ ಆಟಗಾರ ಬಂದಾಗ ಬೌಲರ್‌ಗಳಿಗೆ ಅವನ ಬಗ್ಗೆ ಹೆಚ್ಚು ಗೊತ್ತಿರಲ್ಲ. ಎಲ್ಲರಿಗೂ ಹಾಕೋ ಹಾಗೆ ಅವನಿಗೂ ಹಾಕ್ತಾರೆ, ಅವನು ಹೊಡೀತಾನೆ. ಅದು ಮೊದಲ ಸುತ್ತು. ಒಂದೆರಡು ವರ್ಷದಲ್ಲಿ ಅವನ ಪ್ರತಿ ಎಸೆತದ ವಿಡಿಯೊ ಎಲ್ಲ ತಂಡಗಳ ಲ್ಯಾಪ್‌ಟಾಪಿನಲ್ಲಿರುತ್ತದೆ. ಎಲ್ಲಿ ರನ್ ಬರ್ತಿದೆ, ಎಲ್ಲಿ ಸಿಕ್ಕಿಬೀಳ್ತಾನೆ ಅಂತ ತಿಳಿಯುತ್ತದೆ. ಅವನಿಗೆ ಇಷ್ಟದ ಜಾಗಕ್ಕೆ ಚೆಂಡು ಬರೋದೇ ನಿಲ್ಲುತ್ತದೆ. ನಿಧಾನವಾಗಿ ಆಡುವವನಿಗೆ ಇದರಿಂದ ಅಷ್ಟು ಪೆಟ್ಟಾಗಲ್ಲ, ಕಾಯೋದು ಅವನಿಗೆ ಮೊದಲೇ ಅಭ್ಯಾಸ. ಬಿರುಸಿನ ಆಟಗಾರನಿಗೆ ಹಾಗಲ್ಲ. ಅವನ ರನ್ನೆಲ್ಲ ಮೂರ್ನಾಲ್ಕು ಹೊಡೆತದಿಂದ ಬರುತ್ತಿರುತ್ತದೆ. ಅದರಲ್ಲಿ ಎರಡನ್ನು ಕಟ್ಟಿಹಾಕಿದರೆ ಅವನು ಏನು ಮಾಡ್ತಾನೆ? ಅಲ್ಲಿದೆ ನಿಮ್ಮ ಪ್ರಶ್ನೆಗೆ ಉತ್ತರ.

ನಾನು ಹುಡುಗರಿಗೆ ಕಲಿಸೋ ಮೈದಾನದಲ್ಲೇ ಇದನ್ನು ನೋಡಿದ್ದೇನೆ. 14 ವರ್ಷದ ಒಬ್ಬ ಹುಡುಗ, ಮ್ಯಾಟಿಂಗ್ ಮೇಲೆ ಯಾವ ಬಾಲ್ ಬಂದರೂ ಮಿಡ್‌ವಿಕೆಟ್ ಕಡೆ ಎಳೆದು ಹೊಡೆಯುತ್ತಿದ್ದ. ಒಂದು ಸೀಸನ್ ಪೂರ್ತಿ ಅವನದೇ ರಾಜ್ಯಭಾರ. ಮುಂದಿನ ಸೀಸನ್‌ನ ಮೊದಲ ಮ್ಯಾಚಿನಲ್ಲೇ ಎದುರು ತಂಡದ ಕೋಚ್ ಅಲ್ಲಿ ಇಬ್ಬರನ್ನು ಬೌಂಡರಿಗೆ ಕಳಿಸಿ, ಆಫ್ ಸ್ಟಂಪ್ ಆಚೆಯೇ ಹಾಕಿಸಿದರು. ಹುಡುಗ ಎಳೆಯೋಕೆ ಹೋಗಿ 8 ರನ್ನಿಗೆ ಔಟ್. ಮೂರು ವಾರ ಹೀಗೇ ಆಯಿತು. ನಾನು ಬೇಕಂತಲೇ ಏನೂ ಹೇಳಲಿಲ್ಲ. ನಾಲ್ಕನೇ ವಾರ ಅದೇ ಲೈನಿಗೆ ಬಂದ ಚೆಂಡನ್ನು ಬ್ಯಾಟಿನ ಮುಖ ಸ್ವಲ್ಪ ತೆರೆದು ಥರ್ಡ್‌ಮ್ಯಾನ್ ಕಡೆ ತಟ್ಟಿ ಒಂದು ರನ್ ಓಡಿದ. ಮತ್ತೊಂದು ಓಡಿದ. ಮಿಡ್‌ವಿಕೆಟ್‌ನಲ್ಲಿ ನಿಂತಿದ್ದ ಇಬ್ಬರಲ್ಲಿ ಒಬ್ಬನನ್ನು ಕ್ಯಾಪ್ಟನ್ ಆ ಕಡೆ ಕಳಿಸಿದ. ಮುಂದಿನ ಓವರಿನಲ್ಲೇ ಚೆಂಡು ಮತ್ತೆ ಮಿಡ್‌ವಿಕೆಟ್ ಬೌಂಡರಿಗೆ. ನನ್ನ ಸ್ಕೋರ್ ಪುಸ್ತಕದಲ್ಲಿ ಆ ಎರಡು ಸಿಂಗಲ್ಸ್ ಸುತ್ತ ಪೆನ್ಸಿಲ್‌ನಲ್ಲಿ ಗೆರೆ ಎಳೆದಿಟ್ಟಿದ್ದೇನೆ. ಆ ಫೋರ್‌ಗೆ ಎಳೆದಿಲ್ಲ.

ದೊಡ್ಡವರ ಆಟದಲ್ಲೂ ಇದೇ ನಡೆಯುತ್ತದೆ. ವಿವಿಯನ್ ರಿಚರ್ಡ್ಸ್ 1975-76ರಲ್ಲಿ ಆಸ್ಟ್ರೇಲಿಯಾಕ್ಕೆ ಹೋದಾಗ ಅಲ್ಲಿನ ವೇಗದ ಬೌಲರ್‌ಗಳಾದ ಲಿಲಿ, ಥಾಮ್ಸನ್ ಸೇರಿ ಇಡೀ ವೆಸ್ಟ್ ಇಂಡೀಸ್ ತಂಡವನ್ನೇ ಪುಡಿ ಮಾಡಿದರು. ಸರಣಿ 5-1. ರಿಚರ್ಡ್ಸ್‌ಗೂ ಮೊದಮೊದಲು ದಾರಿ ಕಾಣಲಿಲ್ಲ. ಕೊನೆಯ ಎರಡು ಟೆಸ್ಟಿಗೆ ಅವರನ್ನು ಆರಂಭಿಕನಾಗಿ ಕಳಿಸಿದರು. ಹೊಸ ಚೆಂಡು, ಅದೇ ಬೌಲರ್‌ಗಳು. 101 ಒಂದು, 98 ಒಂದು. ಮುಂದೆ 1976ರ ಒಂದೇ ವರ್ಷದಲ್ಲಿ 1,710 ಟೆಸ್ಟ್ ರನ್. ಇಂಗ್ಲೆಂಡಿನಲ್ಲಿ ಆಡಿದ್ದು ನಾಲ್ಕೇ ಟೆಸ್ಟ್, ಹೊಡೆದದ್ದು 829. ಬ್ಯಾಟಿಂಗ್‌ನ ದೊಡ್ಡತನ ಅಂದರೆ ನನ್ನ ಕಣ್ಣ ಮುಂದೆ ಬರೋದು ಆ ಹನ್ನೆರಡು ತಿಂಗಳು.

ಆಸ್ಟ್ರೇಲಿಯಾದ ಆ್ಯಡಂ ಗಿಲ್‌ಕ್ರಿಸ್ಟ್‌ಗೆ ಎರಡನೇ ಸುತ್ತು ತಡವಾಗಿ ಬಂತು. 2005ರ ಆ್ಯಶಸ್‌ನಲ್ಲಿ (ಇಂಗ್ಲೆಂಡ್-ಆಸ್ಟ್ರೇಲಿಯಾ ನಡುವಿನ ಟೆಸ್ಟ್ ಸರಣಿ) ಇಂಗ್ಲೆಂಡಿನ ವೇಗಿ ಫ್ಲಿಂಟಾಫ್ ಈ ಎಡಗೈ ಆಟಗಾರನಿಗೆ ರೌಂಡ್ ದ ವಿಕೆಟ್, ಅಂದರೆ ಸ್ಟಂಪಿನ ಇನ್ನೊಂದು ಬದಿಯಿಂದ ಬಂದರು. ಚೆಂಡು ಒಳಕ್ಕೆ ಬರೋ ಹಾಗೆ ಕಾಣುತ್ತೆ, ಬಿದ್ದ ಮೇಲೆ ಆಚೆ ಹೋಗುತ್ತೆ. ಕೈ ಬಿಡಿಸಿ ಹೊಡೆಯೋಕೆ ಜಾಗವೇ ಇಲ್ಲ. ಐದು ಟೆಸ್ಟಿನಲ್ಲಿ 181 ರನ್, ಒಂದು ಅರ್ಧಶತಕವೂ ಇಲ್ಲ. ಮುಂದಿನ ಆ್ಯಶಸ್‌ನಲ್ಲಿ, 2006ರ ಡಿಸೆಂಬರ್‌ನಲ್ಲಿ ಪರ್ತ್‌ನಲ್ಲಿ 57 ಎಸೆತದಲ್ಲಿ ಶತಕ ಹೊಡೆದರು ನಿಜ. ಆದರೆ ಹಳೆಯ ಗಿಲ್‌ಕ್ರಿಸ್ಟ್ ಪೂರ್ತಿ ವಾಪಸ್ ಬರಲಿಲ್ಲ. ಸರಾಸರಿ ಇಳಿಯುತ್ತಾ ಬಂದು 47.60ಕ್ಕೆ ನಿಂತಿತು. ಅಷ್ಟೊತ್ತಿಗೆ ಅವರು ಮಾಡೋದನ್ನೆಲ್ಲ ಮಾಡಿ ಆಗಿತ್ತು, ಅದು ಬೇರೆ ಮಾತು.

ಆಸ್ಟ್ರೇಲಿಯಾದ ಡೇವಿಡ್ ವಾರ್ನರ್ ಕಥೆಯನ್ನು ಚೆನ್ನಾಗಿ ನೆನಪಿಟ್ಟುಕೊಳ್ಳಿ, ಮುಂದೆ ಬ್ರೂಕ್ ಜೊತೆ ಇಟ್ಟು ನೋಡೋಕೆ ಬೇಕಾಗುತ್ತೆ. 2019ರಲ್ಲಿ ಇಂಗ್ಲೆಂಡಿನಲ್ಲಿ 10 ಇನಿಂಗ್ಸ್, 95 ರನ್. ಅದರಲ್ಲಿ 61 ಒಂದೇ ಇನಿಂಗ್ಸಿನದು. ಸ್ಟುವರ್ಟ್ ಬ್ರಾಡ್ ಕೈಯಲ್ಲಿ ಏಳು ಸಲ ಔಟ್. ಊರಿಗೆ ಹೋಗಿ ಅದೇ ವರ್ಷ ಅಡಿಲೇಡ್‌ನಲ್ಲಿ ಪಾಕಿಸ್ತಾನದ ಮೇಲೆ ಔಟಾಗದೆ 335 ಹೊಡೆದರು. ಆ 335 ಬ್ರಾಡ್‌ಗೆ ಕೊಟ್ಟ ಉತ್ತರ ಆಗಲಿಲ್ಲ. 112 ಟೆಸ್ಟ್ ಆಡಿದರೂ ಇಂಗ್ಲೆಂಡ್ ನೆಲದಲ್ಲಿ ಅವರಿಗೆ ಒಂದು ಟೆಸ್ಟ್ ಶತಕ ದಕ್ಕಲಿಲ್ಲ. ಬಹಳ ಒಳ್ಳೆಯ ಆಟಗಾರ ಅಂತೀನಿ. ಅದಕ್ಕಿಂತ ಮೇಲಿನ ಸಾಲಿಗೆ ನಾನು ಸೇರಿಸಲ್ಲ.

ಇಲ್ಲಿ ನೀವು ಕೇಳಬಹುದು, ಹಾಗಾದರೆ ಸೆಹ್ವಾಗ್? ಅವರಿಗೂ ದಕ್ಷಿಣ ಆಫ್ರಿಕಾ, ಇಂಗ್ಲೆಂಡ್, ನ್ಯೂಜಿಲೆಂಡ್ ಮೂರೂ ಕಡೆ ಸರಾಸರಿ 30ರ ಕೆಳಗೇ ಅಲ್ವಾ? ಹೌದು. 2011ರಲ್ಲಿ ಎಜ್‌ಬಾಸ್ಟನ್‌ನಲ್ಲಿ ಎರಡೂ ಇನಿಂಗ್ಸಿನಲ್ಲಿ ಮೊದಲ ಎಸೆತಕ್ಕೇ ಔಟಾದವರು ಅವರು. ಅದನ್ನು ಮುಚ್ಚಿಡಬಾರದು. ಆದರೂ ಸೆಹ್ವಾಗ್‌ರನ್ನು ನಾನು ದೊಡ್ಡವರ ಸಾಲಿನಲ್ಲೇ ಕೂರಿಸ್ತೀನಿ. ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳಬೇಕು.

ಬಿರುಸಿನ ಆಟಗಾರ ಹೊಡೆಯುವ ರನ್ ಬೇರೆ, ಅವನಿಂದಾಗಿ ಬರುವ ರನ್ ಬೇರೆ. ಸೆಹ್ವಾಗ್ ಕ್ರೀಸಿನಲ್ಲಿದ್ದಾಗ ಫೀಲ್ಡಿಂಗ್ ಗಮನಿಸಿದ್ದೀರಾ? ಹೊಸ ಚೆಂಡು ಇನ್ನೂ ಹೊಳೀತಾ ಇರುತ್ತೆ, ಅಷ್ಟರಲ್ಲೇ ಒಬ್ಬ ಡೀಪ್ ಪಾಯಿಂಟ್‌ಗೆ ಓಡ್ತಿರ್ತಾನೆ. ಮೂರನೇ ಸ್ಲಿಪ್ ಖಾಲಿ ಆಗುತ್ತೆ. ಬೌಲರ್ ಲೆಂಗ್ತ್ ಸ್ವಲ್ಪ ಹಿಂದಕ್ಕೆ ಎಳೆದುಕೊಳ್ತಾನೆ. ಆಗ ಎದುರುಗಡೆ ತುದಿಯಲ್ಲಿರುವವನಿಗೆ ಸುಮ್ನೆ ತಳ್ಳಿದರೂ ಒಂದು ರನ್. 2006ರ ಜನವರಿಯಲ್ಲಿ ಲಾಹೋರ್‌ನಲ್ಲಿ ನಮ್ಮ ರಾಹುಲ್ ದ್ರಾವಿಡ್ ಆರಂಭಿಕರಾಗಿ ಇಳಿದು ಸೆಹ್ವಾಗ್ ಜೊತೆ 410 ಸೇರಿಸಿದರು. ಆರಂಭಿಕ ಜೊತೆಯಾಟದಲ್ಲಿ ಮಂಕಡ್ ಮತ್ತು ರಾಯ್ ಅವರ 413ರ ದಾಖಲೆಗೆ ಮೂರೇ ರನ್ ಕಡಿಮೆ. ಸೆಹ್ವಾಗ್ 254, ದ್ರಾವಿಡ್ ಔಟಾಗದೆ 128. ದ್ರಾವಿಡ್ ಅವರ ಸಾಮರ್ಥ್ಯದ ಬಗ್ಗೆ ನನಗೆ ಯಾರೂ ಹೇಳಿಕೊಡಬೇಕಿಲ್ಲ. ಆದರೂ ಆ 128ರಲ್ಲಿ ಒಂದಷ್ಟು ಪಾಲು ಎದುರುಗಡೆ ಇದ್ದವರದೇ.

ಮತ್ತೆ ಸಮಯ. ಟೆಸ್ಟ್ ಗೆಲ್ಲಬೇಕಾದರೆ 20 ವಿಕೆಟ್ ಬೇಕು, 20 ವಿಕೆಟ್‌ಗೆ ಹೊತ್ತು ಬೇಕು. ಬೇಗ ರನ್ ಹೊಡೆಯುವವನು ತನ್ನ ಬೌಲರ್‌ಗಳಿಗೆ ಆ ಹೊತ್ತು ಉಳಿಸಿಕೊಡ್ತಾನೆ. 2008ರ ಡಿಸೆಂಬರ್‌ನಲ್ಲಿ ಚೆನ್ನೈನಲ್ಲಿ ಇಂಗ್ಲೆಂಡ್ 387ರ ಗುರಿ ಕೊಟ್ಟಾಗ ನಾಲ್ಕನೇ ದಿನ ಸಂಜೆ ಸೆಹ್ವಾಗ್ 68 ಎಸೆತಕ್ಕೆ 83 ಹೊಡೆದರು. ಮರುದಿನ ಸಚಿನ್ ಔಟಾಗದೆ 103 ಹೊಡೆದು ಗೆಲ್ಲಿಸಿದರು. ಪಂದ್ಯಶ್ರೇಷ್ಠ ಪ್ರಶಸ್ತಿ ಸಿಕ್ಕಿದ್ದು 83ಕ್ಕೆ. ಸರಿಯಾಗೇ ಕೊಟ್ಟಿದ್ದರು.

ಇನ್ನು ಎರಡನೇ ಸುತ್ತಿನ ಮಾತು. ಅದೇ 2008ರಲ್ಲಿ ಶ್ರೀಲಂಕಾದಲ್ಲಿ ಅಜಂತ ಮೆಂಡಿಸ್ ಅನ್ನೋ ಹೊಸ ಬೌಲರ್ ಬಂದಿದ್ದರು. ಬೆರಳಿನಿಂದ ಚಿಮ್ಮಿಸೋ ಆ ಚೆಂಡು ಯಾವ ಕಡೆ ತಿರುಗುತ್ತೆ ಅಂತ ನಮ್ಮ ದೊಡ್ಡದೊಡ್ಡವರಿಗೇ ಗೊತ್ತಾಗಲಿಲ್ಲ. ಇನ್ನೊಂದು ತುದಿಯಲ್ಲಿ ಸ್ಪಿನ್ನರ್ ಮುತ್ತಯ್ಯ ಮುರಳೀಧರನ್. ಗಾಲೆಯಲ್ಲಿ ಭಾರತ 329ಕ್ಕೆ ಆಲೌಟಾಯಿತು. ಅದರಲ್ಲಿ ಸೆಹ್ವಾಗ್‌ದು ಔಟಾಗದೆ 201, ಆರಂಭದಿಂದ ಕೊನೆವರೆಗೆ. ಭಾರತ ಆ ಟೆಸ್ಟ್ ಗೆದ್ದಿತು. ಬೇರೆಯವರಿಗೆ ಮೊದಲ ಸುತ್ತೇ ಕಷ್ಟವಾಗಿದ್ದ ಬೌಲರ್‌ಗೆ ಒಂದೇ ವಾರದಲ್ಲಿ ಉತ್ತರ ಹುಡುಕಿದ್ದು ಅದು. ಸೀಮ್ ಆಗೋ, ಅಂದರೆ ವೇಗದ ಚೆಂಡು ಬಿದ್ದ ಮೇಲೆ ಆಚೀಚೆ ಸರಿಯೋ ನೆಲದಲ್ಲಿ ಅವರಿಗೆ ಉತ್ತರ ಸಿಗಲಿಲ್ಲ, ಸ್ಪಿನ್‌ಗೆ ಸಿಕ್ಕಿತು. ಅರ್ಧ ಉತ್ತರವೇ ಇರಬಹುದು, ಆದರೆ ಆ ಅರ್ಧದ ಮಟ್ಟಿಗೆ ಅವರನ್ನು ಮೀರಿಸಿದವರು ಬಹಳ ಕಡಿಮೆ.

ಈಗ ಬ್ರೂಕ್‌ಗೆ ಬರೋಣ.

ನಿಮ್ಮ ತಮ್ಮನ ಪರವಾಗಿ ಇರೋ ಗಟ್ಟಿ ಸಾಕ್ಷಿ ಸರಾಸರಿಯಲ್ಲಿಲ್ಲ, ನ್ಯೂಜಿಲೆಂಡಿನಲ್ಲಿದೆ. 2023ರ ಫೆಬ್ರುವರಿ, ವೆಲ್ಲಿಂಗ್ಟನ್: ಇಂಗ್ಲೆಂಡ್ 21 ರನ್ನಿಗೆ 3 ವಿಕೆಟ್. ಹಸಿರು ಪಿಚ್. ಬ್ರೂಕ್ 186. 2024ರ ನವೆಂಬರ್, ಕ್ರೈಸ್ಟ್‌ಚರ್ಚ್: 71ಕ್ಕೆ 4. ಬ್ರೂಕ್ 171. ಮುಂದಿನ ವಾರ ಮತ್ತೆ ವೆಲ್ಲಿಂಗ್ಟನ್: 43ಕ್ಕೆ 4. ಬ್ರೂಕ್ 115 ಎಸೆತಕ್ಕೆ 123. ಮೂರು ಸಲವೂ ತಂಡ ಮುಳುಗುತ್ತಿದ್ದಾಗ ಬಂದು, ಚೆಂಡು ಓಲಾಡುತ್ತಿದ್ದ ಹೊತ್ತಿನಲ್ಲೇ ಬೌಲರ್‌ಗಳನ್ನು ಹಿಂದೆ ತಳ್ಳಿದ್ದು. 2025ರ ಜುಲೈನಲ್ಲಿ ಎಜ್‌ಬಾಸ್ಟನ್‌ನಲ್ಲಿ ನಮ್ಮ ವಿರುದ್ಧವೂ ಹಾಗೇ. 84ಕ್ಕೆ 5. ಆ ಇನಿಂಗ್ಸಿನಲ್ಲಿ ಆರು ಜನ ಸೊನ್ನೆಗೆ ಔಟ್. ಬ್ರೂಕ್ 158, ಜೇಮಿ ಸ್ಮಿತ್ ಜೊತೆ 303ರ ಜೊತೆಯಾಟ. ಭಾರತ ಗೆದ್ದಿತು ಅನ್ನೋ ಖುಷಿಯಲ್ಲಿ ನಾವು ಆ 158ನ್ನು ಮರೆತುಬಿಟ್ಟೆವು. ಸಮತಟ್ಟು ಪಿಚ್ಚಿನ 317ಕ್ಕಿಂತ ಈ ನಾಲ್ಕನ್ನು ನಾನು ಮೇಲಿಡ್ತೀನಿ.

ಕ್ರೈಸ್ಟ್‌ಚರ್ಚ್‌ನ 171ರಲ್ಲಿ ಐದು ಕ್ಯಾಚ್ ಬಿಟ್ಟರಲ್ಲ ಅಂತ ನೀವು ಹೇಳಬಹುದು. ಬಿಟ್ಟರು. ಬಿರುಸಾಗಿ ಹೊಡೆದ ಚೆಂಡು ಕೈಗೆ ಕಲ್ಲಿನ ಹಾಗೆ ಬರುತ್ತದೆ, ಅದನ್ನು ಹಿಡಿಯೋದೂ ಕಷ್ಟ. ಇಂಥ ಆಟಗಾರರಿಗೆ ಅದೃಷ್ಟ ಸ್ವಲ್ಪ ಜಾಸ್ತಿ ಸಿಗೋದು ಸಹಜ. ಆದರೂ ಐದು ಅಂದರೆ ಐದೇ. ಆ ಶತಕಕ್ಕೆ ನಾನು ಪೂರ್ತಿ ಅಂಕ ಕೊಡಲ್ಲ.

ಓವಲ್ ವಿಷಯಕ್ಕೆ ನಿಮ್ಮ ಮೇಲೆ ನನಗೆ ಸ್ವಲ್ಪ ತಕರಾರಿದೆ. 2025ರ ಆಗಸ್ಟ್ 3. ಗುರಿ 374, ಇಂಗ್ಲೆಂಡ್ 106ಕ್ಕೆ 3. ಬ್ರೂಕ್ 19ರಲ್ಲಿದ್ದಾಗ ನಮ್ಮ ಪ್ರಸಿದ್ಧ್ ಕೃಷ್ಣ ಶಾರ್ಟ್ ಹಾಕಿದರು, ಹುಕ್ ಮಾಡಿದ ಚೆಂಡನ್ನು ಸಿರಾಜ್ ಹಿಡಿದರು, ಹಿಡಿದು ಕಾಲನ್ನು ಬೌಂಡರಿ ಮೇಲೆ ಇಟ್ಟರು. ಔಟ್ ಆಗಬೇಕಿದ್ದ ಚೆಂಡು ಸಿಕ್ಸರ್. ಅಲ್ಲಿಂದ ರೂಟ್ ಜೊತೆ 195 ಸೇರಿಸಿ, 98 ಎಸೆತದಲ್ಲಿ 111. ಇನ್ನು 73 ರನ್ ಬೇಕು ಅನ್ನುವಾಗ ಆಕಾಶ್ ದೀಪ್‌ಗೆ ಮುಂದೆ ನುಗ್ಗಿದರು. ಬ್ಯಾಟ್ ಕೈಜಾರಿ ಸ್ಕ್ವೇರ್ ಲೆಗ್ ಕಡೆ ಹಾರಿತು, ಚೆಂಡು ಮಿಡ್‌ಆಫ್ ಕಡೆ ಎದ್ದಿತು. ಅಲ್ಲಿದ್ದವರು ಅದೇ ಸಿರಾಜ್. ಇಂಗ್ಲೆಂಡ್ 6 ರನ್ನಿಂದ ಸೋತಿತು.

ಆ ಹೊಡೆತ ಆ ಹೊತ್ತಿಗೆ ತಪ್ಪು. ಅದರಲ್ಲಿ ಎರಡು ಮಾತಿಲ್ಲ. ಆದರೆ 106ರಿಂದ 301ಕ್ಕೆ ತಂಡವನ್ನು ತಂದದ್ದೂ ಅದೇ ಧೈರ್ಯ, ಅದೇ ಮುನ್ನುಗ್ಗುವಿಕೆ. ಅದಿಲ್ಲದ ಬ್ರೂಕ್ ಅವತ್ತು 40 ಹೊಡೆದು ಔಟಾಗಿರುತ್ತಿದ್ದರು, ನಾವು ಹೆಸರೂ ಎತ್ತುತ್ತಿರಲಿಲ್ಲ. ಹೊಡೆಯೋ ಆಟಗಾರ ಹೊಡೆಯೋಕೆ ಹೋಗಿ ಔಟಾದ ಅಂತ ಬೈಯೋದು ನಮ್ಮಲ್ಲಿ ಹಳೇ ಚಾಳಿ. ನಾನು ಕೇಳೋದು ಬೇರೆ ಪ್ರಶ್ನೆ. ಅವನಿಗೆ ಆ ಚೆಂಡು ಅರ್ಥ ಆಗಿತ್ತಾ, ಇಲ್ವಾ? ಅರ್ಥ ಆಗಿ, ಆಯ್ಕೆ ತಪ್ಪಿದರೆ ಅದು ತಲೆಯ ತಪ್ಪು. ಅರ್ಥವೇ ಆಗದೆ ಔಟಾದರೆ ಅದು ಕಣ್ಣಿನದು, ಕೈಯದು. ತಲೆಯ ತಪ್ಪನ್ನು ಒಂದು ಸೋಲು, ಒಂದು ಒಳ್ಳೆಯ ಮಾತು ಸರಿಮಾಡಬಲ್ಲದು. ಕಣ್ಣು ಕೈ ಹೊಂದಿಸೋಕೆ ನೆಟ್ಸ್‌ನಲ್ಲಿ ತಿಂಗಳುಗಟ್ಟಲೆ ಬೆವರು ಸುರಿಸಬೇಕು, ಆದರೂ ಗ್ಯಾರಂಟಿ ಇಲ್ಲ.

ಈ ಕಣ್ಣಿನಿಂದ ಆಸ್ಟ್ರೇಲಿಯಾ ಪ್ರವಾಸ ನೋಡಿ. 2025-26ರ ಆ್ಯಶಸ್‌ನಲ್ಲಿ ಬ್ರೂಕ್ ಹೊಡೆದದ್ದು 52, 0, 31, 15, 45, 30, 41, ಔಟಾಗದೆ 18, 84, 42. ಒಟ್ಟು 358. ಶತಕ ಇಲ್ಲ, ನೀವು ಹೇಳಿದ್ದು ನಿಜ. ಆದರೆ ಹತ್ತರಲ್ಲಿ ಏಳು ಸಲ 30 ಮುಟ್ಟಿದ್ದಾರೆ. ವಾರ್ನರ್‌ರ 2019ರ ಹತ್ತು ಇನಿಂಗ್ಸ್ ಪಕ್ಕದಲ್ಲಿಡಿ, ಅಲ್ಲಿ ಬೌಲರ್ ಆಟಗಾರನನ್ನು ಕ್ರೀಸಿನಲ್ಲಿ ನಿಲ್ಲೋಕೇ ಬಿಡಲಿಲ್ಲ. ಬ್ರೂಕ್ ಸಲೀಸಾಗಿ ನಿಂತರು, ನಿಂತ ಮೇಲೆ ಔಟಾದರು. ಪರ್ತ್‌ನ ಆ ಸೊನ್ನೆ, ವೇಗಿ ಬೋಲ್ಯಾಂಡ್ ಆಫ್ ಸ್ಟಂಪ್ ಆಚೆ ಹಾಕಿದ್ದನ್ನು ಬಂದ ತಕ್ಷಣ ಡ್ರೈವ್ ಮಾಡಲು ಹೋಗಿ ಆದದ್ದು. ಪುಟಿತ ಇರೋ ಪಿಚ್ಚಿನಲ್ಲಿ ಆ ಡ್ರೈವ್‌ಗೆ ಹತ್ತು ನಿಮಿಷ ಕಾಯಬೇಕಿತ್ತು. ಮೆಲ್ಬರ್ನ್‌ನಲ್ಲಿ ಒಂದೇ ದಿನ 20 ವಿಕೆಟ್ ಬಿದ್ದಾಗ ಇಂಗ್ಲೆಂಡಿನ 110ರಲ್ಲಿ 41 ಬ್ರೂಕ್‌ದೇ. ವೇಗ ಮತ್ತು ಪುಟಿತಕ್ಕೆ ಹೆದರುವವನ ಲೆಕ್ಕ ಇದಲ್ಲ. ತಲೆಯ ತಪ್ಪುಗಳ ಲೆಕ್ಕ.

ನನಗೆ ನಿಜವಾಗಿ ಚಿಂತೆ ಇರೋದು ಬೇರೆ ಕಡೆ. ಅದರ ಬಗ್ಗೆ ನೀವಿಬ್ಬರೂ ಮಾತೇ ಎತ್ತಿಲ್ಲ.

ಮುಲ್ತಾನ್‌ನಲ್ಲಿ 317 ಆದ ಮರುವಾರ ಏನಾಯಿತು? ಪಾಕಿಸ್ತಾನ ಅದೇ ಪಿಚ್ಚನ್ನು ಮತ್ತೆ ಬಳಸಿತು. ಐದು ದಿನ ತುಳಿದ ನೆಲ, ಬಿರುಕುಬಿಟ್ಟಿತ್ತು. ಸ್ಪಿನ್ನರ್‌ಗಳಾದ ಸಾಜಿದ್ ಖಾನ್, ನೊಮಾನ್ ಅಲಿ ಇಬ್ಬರೇ ಸೇರಿ 20 ವಿಕೆಟ್ ತೆಗೆದರು. ಅಲ್ಲಿ ಎರಡು, ರಾವಲ್ಪಿಂಡಿಯಲ್ಲಿ ಎರಡು, ಒಟ್ಟು ನಾಲ್ಕು ಇನಿಂಗ್ಸಿನಲ್ಲಿ ಬ್ರೂಕ್ ಒಮ್ಮೆಯೂ 30 ಮುಟ್ಟಲಿಲ್ಲ. ಮೂರು ತಿಂಗಳು ಬಿಟ್ಟು ಟಿ20 ಸರಣಿಗೆ ಭಾರತಕ್ಕೆ ಬಂದರು. ಬೀದರ್‌ನಲ್ಲಿ ಹುಟ್ಟಿ ತಮಿಳುನಾಡಿಗೆ ಆಡುವ ಸ್ಪಿನ್ನರ್ ವರುಣ್ ಚಕ್ರವರ್ತಿ ಮೊದಲ ಎರಡೂ ಪಂದ್ಯದಲ್ಲಿ ಅವರನ್ನು ಬೌಲ್ಡ್ ಮಾಡಿದರು. ಚೆಂಡು ಬ್ಯಾಟ್ ಮತ್ತು ಪ್ಯಾಡ್ ನಡುವೆ ನುಗ್ಗಿತು. ನಿಧಾನವಾಗಿ ಮತ್ತೊಮ್ಮೆ ನೋಡಿ, ಬ್ರೂಕ್‌ರ ಬ್ಯಾಟ್ ಬೇರೆ ಚೆಂಡಿಗೆ ಆಡುತ್ತಿದೆ. ಕೈಯಿಂದ ಬಿಡುವಾಗ ಗೂಗ್ಲಿ (ಎಣಿಸಿದ್ದಕ್ಕೆ ವಿರುದ್ಧ ದಿಕ್ಕಿಗೆ ತಿರುಗೋ ಚೆಂಡು) ಅಂತ ಓದಲಾಗಲಿಲ್ಲ. ಇದು ತಲೆಯ ತಪ್ಪಲ್ಲ.

ಇದಕ್ಕೂ ಹೊಡೆತದ ಆಟಕ್ಕೂ ಒಂದು ನಂಟಿದೆ. ಕೈಯಿಂದಲೇ ಚೆಂಡು ಓದಲು ಬಾರದವನು ಮೊದಲೇ ತೀರ್ಮಾನ ಮಾಡಿಕೊಂಡು ಆಡ್ತಾನೆ. ಇದು ಸ್ವೀಪ್, ಇದು ಮುಂದೆ ಹೋಗಿ ಹೊಡೆಯೋದು ಅಂತ ಬೌಲರ್ ಓಡಿಬರುವಾಗಲೇ ನಿರ್ಧಾರ. ಅದು ಅಭ್ಯಾಸವಾದರೆ ವೇಗದವರ ಮೇಲೂ ಬರುತ್ತದೆ. ಲಾರ್ಡ್ಸ್‌ನಲ್ಲಿ 2025ರಲ್ಲಿ ಆಕಾಶ್ ದೀಪ್‌ರ ನೇರ ಎಸೆತಕ್ಕೆ ಸ್ವೀಪ್ ಆಡಲು ಹೋಗಿ 23ಕ್ಕೆ ಬೌಲ್ಡ್ ಆದದ್ದು ಅಂಥದ್ದೇ. ವೇಗದ ಬೌಲರ್‌ಗೆ ಸ್ವೀಪ್! ಅದಕ್ಕೂ ಮುಂಚೆ ಅದೇ ಬೌಲರ್‌ಗೆ ಇಂಥದ್ದೇ ಹೊಡೆತದಿಂದ ಬೌಂಡರಿ ಸಿಕ್ಕಿತ್ತು. ಸಿಕ್ಕಿದ್ದೇ ಆಸೆ ಹೆಚ್ಚಿಸಿತು.

ಬ್ರೂಕ್ 2022ರಲ್ಲಿ ಪಾಕಿಸ್ತಾನದಲ್ಲಿ ಮೂರು ಟೆಸ್ಟಿನಲ್ಲಿ ಮೂರು ಶತಕ ಹೊಡೆದಿದ್ದಾರೆ, ಸ್ಪಿನ್ ಆಡಲು ಬರಲ್ಲ ಅಂತ ನಾನು ಹೇಳ್ತಿಲ್ಲ. ಚೆಂಡು ಸಾಧಾರಣವಾಗಿ ತಿರುಗೋ ಕಡೆ ಅವರ ಕಾಲು ಚೆನ್ನಾಗಿ ಓಡುತ್ತದೆ. ಒಂದು ಚೆಂಡು ತಿರುಗಿ ಇನ್ನೊಂದು ನೇರ ಬರೋ ನೆಲದಲ್ಲಿ ಏನು ಮಾಡ್ತಾರೆ ಅನ್ನೋದೇ ಗೊತ್ತಿಲ್ಲದ ವಿಷಯ. ಅವರು ಭಾರತದ ನೆಲದಲ್ಲಿ ಇನ್ನೂ ಒಂದು ಟೆಸ್ಟೂ ಆಡಿಲ್ಲ. 2024ರಲ್ಲಿ ಬರಬೇಕಿತ್ತು, ಮನೆಯವರಿಗೆ ಹುಷಾರಿಲ್ಲದ ಕಾರಣ ಬರಲಾಗಲಿಲ್ಲ.

ಹಾಗಾಗಿ ನನ್ನ ತೀರ್ಪು ಇದು. ಬ್ರೂಕ್ 1999ರಲ್ಲಿ ಹುಟ್ಟಿದವರು, ಬ್ಯಾಟ್ಸ್‌ಮನ್‌ಗೆ ಒಳ್ಳೆಯ ವಯಸ್ಸು ಈಗ ಶುರು. ಕಷ್ಟದಲ್ಲಿ ಬಂದು ಆಟದ ದಿಕ್ಕು ತಿರುಗಿಸೋ ಶಕ್ತಿ, ಅದು ಕಲಿಸಿದರೆ ಬರೋದಲ್ಲ, ಅದು ಅವರಲ್ಲಿದೆ. ಆ ಒಂದು ಗುಣಕ್ಕೆ ನಾನು ನಿಮ್ಮ ತಮ್ಮನ ಕಡೆಗೇ ವಾಲ್ತೀನಿ. ಈಗಿನ ಹೊಡಿಬಡಿ ಆಟಗಾರರಲ್ಲಿ ದೊಡ್ಡವನಾಗುವ ಸಾಧ್ಯತೆ ಅವರಿಗೇ ಹೆಚ್ಚು ಅಂತ ನನಗನ್ನಿಸುತ್ತೆ. ಆದರೆ ಎರಡನೇ ಸುತ್ತಿನಲ್ಲಿ ಅವರು ಇನ್ನೂ ಉತ್ತರ ಕೊಟ್ಟಿಲ್ಲ. ವೇಗದವರಿಗೆ ಕೊಡ್ತಾರೆ, ಆ ಭರವಸೆ ಇದೆ. ಸ್ಪಿನ್ನರ್‌ಗಳಿಗೆ ಕೊಟ್ಟ ದಿನ ನಾನೇ ನಿಮಗೆ ಬರೆದು ತಿಳಿಸ್ತೀನಿ.

ಅಲ್ಲಿಯವರೆಗೆ ಮನೆಯಲ್ಲಿ ಹೀಗೆ ಮಾಡಿ. ಮುಂದಿನ ಸಲ ಬ್ರೂಕ್ ಟೆಸ್ಟ್ ಆಡುವಾಗ ಒಂದು ಹಾಳೆ ಇಟ್ಟುಕೊಂಡು ಮೊದಲ 30 ಎಸೆತ ಮಾತ್ರ ಬರೆಯಿರಿ. ಎಷ್ಟು ಬಿಟ್ಟರು, ಎಷ್ಟು ತಡೆದರು, ಎಷ್ಟರಲ್ಲಿ ಒಂದು ರನ್ ಓಡಿದರು. ಫೋರ್, ಸಿಕ್ಸರ್ ಬರೆಯೋದೇ ಬೇಡ, ಅದು ಟಿವಿಯಲ್ಲಿ ಹತ್ತು ಸಲ ತೋರಿಸ್ತಾರೆ. ಸ್ಪಿನ್ನರ್ ಬಂದಾಗ ಇಬ್ಬರಲ್ಲಿ ಒಬ್ಬರು ಚೆಂಡು ನೋಡಬೇಡಿ, ಬ್ರೂಕ್‌ರ ಮುಂಗಾಲು ನೋಡಿ. ಬೌಲರ್ ಕೈಯಿಂದ ಚೆಂಡು ಬಿಡೋ ಮುಂಚೆಯೇ ಕಾಲು ಹೊರಟಿತಾ, ಬಿಟ್ಟ ಮೇಲೆ ಹೊರಟಿತಾ ಅಂತ ಗುರುತು ಹಾಕಿ. ಹತ್ತು ಇನಿಂಗ್ಸಿನ ಹಾಳೆ ಸೇರಿದ ಮೇಲೆ ನನಗೂ ಒಂದು ಪ್ರತಿ ಕಳಿಸಿ.